ಪಾರ್ರಿ ಮಂತ್ರಿಮಂಡಲದ ಪತನ: ರೂಢಿಯ ಒಂದು ತೀರ್ಪಿನ ವಿಮರ್ಶೆ

ದ್ವಿತೀಯ ಮಹಾಯುದ್ಧಾನಂತರದ ಇಟಲಿಯ ಚರಿತ್ರೆಯನ್ನು ಓದುವ ವಿದ್ಯಾರ್ಥಿಗೆ ಫೆರ್ರುಚ್ಚೊ ಪಾರ್ರಿಯ ಮಂತ್ರಿಮಂಡಲ ಎದುರಾಗುವುದು ಸಾಮಾನ್ಯವಾಗಿ ಒಂದೆರಡು ವಾಕ್ಯಗಳಲ್ಲಿ ಮಾತ್ರ. ೧೯೪೫ನೆಯ ಇಸವಿ ಜೂನ್ ೨೧ರಂದು ಅದು ಅಧಿಕಾರವನ್ನು ವಹಿಸಿಕೊಂಡಿತು. ಅದೇ ವರ್ಷ ನವೆಂಬರ್ ೨೪ರಂದು ರಾಜೀನಾಮೆಯನ್ನಿತ್ತಿತು. ಡಿಸೆಂಬರ್ ೧೦ರಂದು ಆಲ್ಚಿದೆ ದೆ ಗಾಸ್ಪೆರಿಯ ಮಂತ್ರಿಮಂಡಲಕ್ಕೆ ಸ್ಥಳವನ್ನು ತೆರವು ಮಾಡಿತು. ಈ ಅಲ್ಪಾಯುಷ್ಯಕ್ಕೆ ಗ್ರಂಥಗಳು ಕೊಡುವ ಕಾರಣವೂ ಹೆಚ್ಚುಕಡಮೆ ಒಂದೇ: ಪಾರ್ರಿ ಸತ್ಪುರುಷ, ಧೀರ, ನಿಷ್ಕಳಂಕ, ಆದರೆ ರಾಜ್ಯಭಾರದ ಕಲೆಯನ್ನು ಅರಿಯದವನು. ಈ ಮಾತು ಎಷ್ಟು ಬಾರಿ ಪುನರುಕ್ತವಾಗಿದೆಯೆಂದರೆ ಅದು ಈಗ ತೀರ್ಪಾಗಿ ತೋರದೆ ಸಂಗತಿಯಾಗಿಯೇ ತೋರುತ್ತದೆ. ಅದು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಪರೀಕ್ಷಿಸುವುದೇ ಪ್ರಕೃತ ಲೇಖನದ ಉದ್ದೇಶ. ನಮ್ಮ ಅಭಿಪ್ರಾಯವನ್ನು ಮೊದಲೇ ಸೂಚಿಸುವುದಾದರೆ, ಒಬ್ಬ ವ್ಯಕ್ತಿಯ ಗುಣದೋಷಗಳಿಂದ ಈ ಪತನವನ್ನು ವಿವರಿಸಹೊರಟವರು, ಆ ವ್ಯಕ್ತಿಯ ಕೈಯಲ್ಲಿ ಯಾವ ಅಧಿಕಾರವಿತ್ತು, ಯಾವುದು ಇರಲಿಲ್ಲ ಎಂಬ ಪ್ರಶ್ನೆಯನ್ನು ಕೇಳದೆಯೇ ಮುಂದೆ ಸಾಗಿದ್ದಾರೆ.

ಮೊದಲು ಮಂತ್ರಿಮಂಡಲ ಹುಟ್ಟಿದ ಬಗೆಯನ್ನು ನೋಡೋಣ. ೧೯೪೩ರ ಜುಲೈ ತಿಂಗಳಲ್ಲಿ ಮುಸೊಲಿನಿ ಪದಚ್ಯುತನಾದನು. ಸೆಪ್ಟೆಂಬರಿನಲ್ಲಿ ಇಟಲಿ ಮಿತ್ರರಾಷ್ಟ್ರಗಳೊಡನೆ ಯುದ್ಧವಿರಾಮವನ್ನು ಘೋಷಿಸಿತು. ಜರ್ಮನ್ ಸೇನೆ ಕೂಡಲೇ ದೇಶದ ಉತ್ತರ ಮತ್ತು ಮಧ್ಯ ಭಾಗಗಳನ್ನು ಆಕ್ರಮಿಸಿತು. ಆಗ ಫ್ಯಾಸಿಸ್ಟ್ ವಿರೋಧಿಗಳಾದ ಆರು ಪಕ್ಷಗಳು ಸೇರಿ ರಾಷ್ಟ್ರೀಯ ವಿಮೋಚನಾ ಸಮಿತಿಯನ್ನು ಸ್ಥಾಪಿಸಿದುವು. ಕ್ರೈಸ್ತ ಡೆಮೊಕ್ರಾಟರು, ಕಮ್ಯೂನಿಸ್ಟರು, ಸಮಾಜವಾದಿಗಳು, ಲಿಬರಲರು, ಕ್ರಿಯಾಪಕ್ಷದವರು ಹಾಗೂ ಕಾರ್ಮಿಕ ಡೆಮೊಕ್ರಾಟರು ಎಂಬುವೇ ಆ ಆರು ಪಕ್ಷಗಳು. ೧೯೪೪ರ ಜೂನಿನಲ್ಲಿ ರೋಮ್ ವಿಮೋಚನೆಯಾದ ಮೇಲೆ ಹಿರಿಯ ರಾಜಕಾರಣಿ ಬೊನೋಮಿ ಅಲ್ಲಿ ಸರ್ಕಾರವನ್ನು ನಡೆಸುತ್ತಿದ್ದನು. ಉತ್ತರದಲ್ಲಾದರೋ ಸಶಸ್ತ್ರ ಪ್ರತಿರೋಧ ಮುಂದುವರಿದು, ೧೯೪೫ರ ಏಪ್ರಿಲ್ ೨೫ರ ದಂಗೆಯಲ್ಲಿ ಪರ್ಯವಸಾನವಾಯಿತು. ಮಿಲಾನ್, ಟೂರಿನ್ ನಗರಗಳಲ್ಲಿ ಹೋರಾಡಿದ ಜನ ರೋಮಿನ ಹಳೆಯ ಕಚೇರಿಗಳನ್ನು ಶುದ್ಧಿ ಮಾಡಲಿದ್ದಾರೆಂಬ ನಿರೀಕ್ಷೆ ಹಬ್ಬಿತು. ‘ಉತ್ತರದ ಗಾಳಿ’ ಎಂಬ ನುಡಿಗಟ್ಟು ಈ ಸಂದರ್ಭದ್ದು.

ಬೊನೋಮಿ ಜೂನ್ ತಿಂಗಳಲ್ಲಿ ರಾಜೀನಾಮೆ ಕೊಟ್ಟನು. ಪ್ರಧಾನಿಯ ಪದವಿಗೆ ಸಮಾಜವಾದಿಗಳು ತಮ್ಮ ನಾಯಕ ಪಿಯೆತ್ರೊ ನೆನ್ನಿಯನ್ನು ಮುಂದೊಡ್ಡಿದರು; ಕ್ರೈಸ್ತ ಡೆಮೊಕ್ರಾಟರು ದೆ ಗಾಸ್ಪೆರಿಯನ್ನು ಮುಂದೊಡ್ಡಿದರು. ಒಬ್ಬನನ್ನು ಮತ್ತೊಂದು ಪಕ್ಷ ಒಪ್ಪಲಿಲ್ಲ. ಈ ಬಿಕ್ಕಟ್ಟಿನಿಂದ ಹೊರಬರಲು ಎಲ್ಲರಿಗೂ ಒಪ್ಪಿಗೆಯಾದ ಹೆಸರು ಪಾರ್ರಿಯದು. ಆತನ ಕ್ರಿಯಾಪಕ್ಷ ಆರರಲ್ಲಿ ಬುದ್ಧಿಬಲ ಹೆಚ್ಚಾಗಿದ್ದ, ಜನಬಲ ಕಡಮೆಯಾಗಿದ್ದ ಪಕ್ಷ. ಆತನನ್ನು ಆರಿಸಲು ಆತನ ಕೀರ್ತಿ ಎಷ್ಟು ಕಾರಣವೋ, ಆತನ ಹಿಂದೆ ದೊಡ್ಡ ಪಕ್ಷವಿಲ್ಲದಿದ್ದುದೂ ಅಷ್ಟೇ ಕಾರಣವೆಂದು ನಮಗೆ ತೋರುತ್ತದೆ. ಯಾರಿಗೂ ಭಯವನ್ನು ಹುಟ್ಟಿಸದವನೆಂದು ಆರಿಸಲ್ಪಟ್ಟವನು ಮುಂದೆ ಬಲಹೀನನೆಂದು ನಿಂದಿಸಲ್ಪಟ್ಟುದರಲ್ಲಿರುವ ಅಸಂಗತಿಯನ್ನು ವಿಮರ್ಶಕರು ಗಮನಿಸಿದಂತಿಲ್ಲ.

ಆತನ ಕೀರ್ತಿ ಪೊಳ್ಳಾದುದಲ್ಲ. ೧೮೯೦ರಲ್ಲಿ ಪಿಯೆಮೊಂತೆ ಪ್ರಾಂತದ ಪಿನೆರೋಲೊ ಊರಿನಲ್ಲಿ ಹುಟ್ಟಿದ ಪಾರ್ರಿ ಪ್ರಥಮ ಮಹಾಯುದ್ಧದಲ್ಲಿ ಪದಕಗಳನ್ನು ಗಳಿಸಿದ ಯೋಧ. ೧೯೨೬ರಲ್ಲಿ ವೃದ್ಧ ಸಮಾಜವಾದಿ ನಾಯಕ ತುರಾತಿಯನ್ನು ದೇಶದಿಂದ ಪಾರುಮಾಡಿದವರಲ್ಲಿ ಈತನೂ ಒಬ್ಬ. ಅದಕ್ಕಾಗಿ ಸವೋನಾ ನಗರದ ನ್ಯಾಯಾಲಯದಲ್ಲಿ ವಿಚಾರಣೆಗೆ ಗುರಿಯಾದನು. ದ್ವೀಪವಾಸದ ಶಿಕ್ಷೆಯನ್ನೂ ಅನುಭವಿಸಿದನು. ಪ್ರತಿರೋಧ ಸೇನೆಯಲ್ಲಿ ‘ಮೌರೀತ್ಸಿಯೊ’ ಎಂಬ ಗುಪ್ತನಾಮದಿಂದ ಉಪಸೇನಾಪತಿಯಾಗಿದ್ದನು. ೧೯೪೫ರ ಆದಿಯಲ್ಲಿ ಮಿಲಾನಿನಲ್ಲಿ ಜರ್ಮನರ ಕೈಗೆ ಸಿಕ್ಕಿಬಿದ್ದು, ಅಮೆರಿಕನರೊಡನೆ ಗುಟ್ಟಾಗಿ ಸಂಧಿಯ ಮಾತುಕತೆ ನಡೆಸುತ್ತಿದ್ದ ಜರ್ಮನ್ ಅಧಿಕಾರಿಗಳು ಸದ್ಭಾವದ ಗುರುತಾಗಿ ಬಿಟ್ಟುಕೊಟ್ಟುದರಿಂದ ಮಾರ್ಚಿಯಲ್ಲಿ ಸ್ವಿಟ್ಜರ್ಲೆಂಡಿಗೆ ಸೇರಿದನು. ಇಂಥವನು ಮೂರು ತಿಂಗಳಲ್ಲಿ ಪ್ರಧಾನಮಂತ್ರಿ, ಅದರೊಡನೆ ಗೃಹಮಂತ್ರಿ. ಕಚೇರಿಯಲ್ಲಿಯೇ ಒಂದು ಸಾಧಾರಣ ಮಂಚವನ್ನು ಹಾಕಿಸಿಕೊಂಡು ಅಲ್ಲಿಯೇ ಮಲಗುತ್ತಿದ್ದನೆಂಬುದು ಪ್ರಸಿದ್ಧವಾಗಿದೆ.

ಈ ಮಂಚದ ಕಥೆಯನ್ನು ಹೇಳುವವರು ಎರಡು ವರ್ಗದವರು. ಒಂದು ವರ್ಗ ಅದನ್ನು ಹೇಳಿ ನಗುತ್ತದೆ. ನಾಟಕಕಾರನೂ ಪತ್ರಿಕಾಕರ್ತನೂ ಆಗಿದ್ದ ಗುಲ್ಯೆಲ್ಮೊ ಜಾನ್ನೀನಿ ‘ಸಾಮಾನ್ಯ ಮನುಷ್ಯ’ ಎಂಬರ್ಥದ ಹೆಸರಿನ ತನ್ನ ವಾರಪತ್ರಿಕೆಯಲ್ಲಿ ಪಾರ್ರಿಯ ಹೆಸರನ್ನೇ ತಿರುಚಿ, ದಡ್ಡನೆಂಬ ಅರ್ಥ ಬರುವಂತೆ ಮಾಡಿ ಗೇಲಿಮಾಡುತ್ತಿದ್ದನು. ಇನ್ನೊಂದು ವರ್ಗ ಅದೇ ಕಥೆಯನ್ನು ಹೇಳಿ ಕೈಮುಗಿಯುತ್ತದೆ. ಈ ಎರಡನೆಯ ವರ್ಗದ ಶ್ರೇಷ್ಠ ಕೃತಿ ಕಾರ್ಲೊ ಲೇವಿ ೧೯೫೦ರಲ್ಲಿ ಪ್ರಕಟಿಸಿದ ‘ಗಡಿಯಾರ’ ಎಂಬ ಕಾದಂಬರಿ. ಲೇವಿ ಆಗ್ಗೆ ರೋಮಿನಲ್ಲಿ ಕ್ರಿಯಾಪಕ್ಷದ ದಿನಪತ್ರಿಕೆಯ ಸಂಪಾದಕನಾಗಿದ್ದನು. ಮಂತ್ರಿಮಂಡಲ ಉರುಳಿದ ದಿನಗಳನ್ನು ಹತ್ತಿರದಿಂದ ಕಂಡವನು. ಕಾದಂಬರಿ ಆ ಕೆಲವೇ ದಿನಗಳ ಕಥೆ. ಅದರಲ್ಲಿ ಪ್ರಧಾನಿಯ ರಾಜೀನಾಮೆಯ ಪ್ರಸಂಗವೂ ಬರುತ್ತದೆ.

ಸಾಹಿತ್ಯಕೃತಿಯಾಗಿ ಈ ಕಾದಂಬರಿಯ ಬೆಲೆಯನ್ನು ನಾವು ಅಲ್ಲಗಳೆಯುವುದಿಲ್ಲ. ಹಸಿವು, ಕಾಳಸಂತೆ, ಮುರಿದ ಮನೆಗಳು, ಮಾತಿನ ಅಮಲಿನಲ್ಲಿದ್ದ ರಾಜಕಾರಣಿಗಳು, ಇವುಗಳಿಂದ ತುಂಬಿದ ರೋಮ್ ನಗರ ಅಲ್ಲಿ ಕಣ್ಣಿಗೆ ಕಟ್ಟುತ್ತದೆ. ಆದರೆ ಚರಿತ್ರೆಯ ಸಾಕ್ಷ್ಯವಾಗಿ ಅದನ್ನು ಬಳಸುವಾಗ ಎಚ್ಚರ ಬೇಕು. ಲೇವಿಯ ಒಂದು ಪಾತ್ರ ಇಟಲಿಯ ಜನರನ್ನೆಲ್ಲ ಎರಡು ಪಂಗಡಗಳಾಗಿ ವಿಭಾಗಿಸುತ್ತದೆ: ದುಡಿದು ಸೃಷ್ಟಿಸುವ ‘ರೈತರು’ ಒಂದು, ಇತರರ ದುಡಿಮೆಯ ಮೇಲೆ ಬದುಕುವ ‘ಲುಯಿಜೀನಿ’ಗಳು ಇನ್ನೊಂದು. ಇಲ್ಲಿ ರೈತ ಶಬ್ದಕ್ಕೆ ವೃತ್ತಿಯ ಅರ್ಥಕ್ಕಿಂತ ಸ್ವಭಾವದ ಅರ್ಥವೇ ಪ್ರಧಾನ. ಇಂಥ ವಿಭಾಗದಲ್ಲಿ ಪಾರ್ರಿ ತನಗೆ ಸಲ್ಲದ ಲೋಕದಲ್ಲಿ ಸಿಕ್ಕಿಬಿದ್ದ ದುಃಖಮೂರ್ತಿಯಾಗುತ್ತಾನೆ. ಪತನವು ಸಜ್ಜನನೊಬ್ಬನ ದುರಂತವಾಗುತ್ತದೆ. ಓದುಗನಿಗೆ ಕರುಣೆ ಉಂಟಾಗುತ್ತದೆ. ಆದರೆ ಯಾವ ಶಾಸನ ಯಾರಿಂದ ತಡೆಹಿಡಿಯಲ್ಪಟ್ಟಿತು ಎಂಬುದು ತಿಳಿಯುವುದಿಲ್ಲ. ಹೀಗೆ ಜಾನ್ನೀನಿಯ ಪರಿಹಾಸ, ಲೇವಿಯ ಆರಾಧನೆ, ಎರಡೂ ಬೇರೆಬೇರೆ ದಾರಿಯಿಂದ ಹೊರಟು ಒಂದೇ ಸ್ಥಳವನ್ನು ಮುಟ್ಟುತ್ತವೆ. ಆ ಮನುಷ್ಯ ರಾಜಕಾರಣಕ್ಕೆ ತಕ್ಕವನಲ್ಲವೆಂಬುದೇ ಆ ಸ್ಥಳ. ಶತ್ರುಮಿತ್ರರಿಬ್ಬರೂ ಒಪ್ಪಿದ ಚಿತ್ರವಾದುದರಿಂದಲೇ ಅದು ಪ್ರಶ್ನಾತೀತವಾಗಿ ನಿಂತಿತೆಂದು ನಾವು ಭಾವಿಸುತ್ತೇವೆ.

ಈಗ ಅಧಿಕಾರದ ಪ್ರಶ್ನೆಗೆ ಬರೋಣ. ೧೯೪೫ರ ಇಟಲಿಯಲ್ಲಿ ಚುನಾಯಿತ ಸಂಸತ್ತು ಇರಲಿಲ್ಲ. ೧೯೪೪ರ ಜೂನ್ ೨೫ರ ಶಾಸನದಂತೆ, ಹೊಸ ಸಂಸತ್ತು ಕಾರ್ಯಾರಂಭ ಮಾಡುವವರೆಗೆ ಶಾಸನ ರಚನೆಯ ಅಧಿಕಾರ ಮಂತ್ರಿಮಂಡಲದ್ದೇ. ರಾಜಪ್ರತಿನಿಧಿಯಾದ ಯುವರಾಜ ಉಂಬೆರ್ತೊ ಅದಕ್ಕೆ ಅಂಕಿತ ಹಾಕಬೇಕು. ಮೇಲುನೋಟಕ್ಕೆ ಇದು ವಿಪುಲವಾದ ಅಧಿಕಾರ. ವಸ್ತುತಃ ಆರು ಪಕ್ಷಗಳಲ್ಲಿ ಯಾವುದೊಂದು ಒಪ್ಪದಿದ್ದರೂ ಶಾಸನ ಹೊರಡುವಂತಿರಲಿಲ್ಲ. ಜನಮತದಲ್ಲಿ ಯಾರ ಪಾಲು ಎಷ್ಟೆಂಬುದನ್ನು ತೋರಿಸುವ ಚುನಾವಣೆಯೇ ನಡೆಯದಿದ್ದುದರಿಂದ, ಅತಿ ಸಣ್ಣ ಪಕ್ಷಕ್ಕೂ ಅತಿ ದೊಡ್ಡ ಪಕ್ಷಕ್ಕೂ ನಿಷೇಧಿಸುವ ಶಕ್ತಿ ಸಮಾನವಾಗಿತ್ತು. ಬಹುಮತವೆಂಬ ಅಳತೆಗೋಲೇ ಇಲ್ಲದೆಡೆ ಪ್ರಧಾನಿ ಆಜ್ಞಾಪಿಸಲಾರನು, ಮನವೊಲಿಸಬಲ್ಲನು, ಅಷ್ಟೆ.

ಎರಡನೆಯ ಕೊರತೆ ಇನ್ನೂ ದೊಡ್ಡದು. ಪಿಯೆಮೊಂತೆ, ಲೊಂಬಾರ್ದಿಯ, ಲಿಗೂರಿಯ ಪ್ರಾಂತಗಳು, ಅಂದರೆ ಪ್ರತಿರೋಧದ ತವರೂ ಕೈಗಾರಿಕೆಯ ನೆಲೆಯೂ ಆದ ಭಾಗ, ೧೯೪೫ರ ಕೊನೆಯವರೆಗೂ ಮಿತ್ರರಾಷ್ಟ್ರಗಳ ಸೈನಿಕ ಆಡಳಿತದಲ್ಲಿಯೇ ಇದ್ದುವು. ಅವು ಇಟಲಿಯ ಸರ್ಕಾರದ ಕೈಸೇರುವ ಹೊತ್ತಿಗೆ ಪಾರ್ರಿ ನಿರ್ಗಮಿಸಿ ಮೂರು ವಾರಗಳಾಗಿದ್ದುವು. ಉತ್ತರದ ಗಾಳಿಯಿಂದ ಹುಟ್ಟಿತೆನ್ನಲಾದ ಮಂತ್ರಿಮಂಡಲ ಆ ಉತ್ತರದ ಬಹುಭಾಗವನ್ನು ಆಳಲೇ ಇಲ್ಲ. ಆಳಿದುದು ಯಾರನ್ನು? ಹಳೆಯ ಅಧಿಕಾರಿವರ್ಗ ಅಲುಗದೆ ಕುಳಿತಿದ್ದ ರೋಮನ್ನು, ಸಶಸ್ತ್ರ ದಂಗೆಯ ಅನುಭವವನ್ನು ಉತ್ತರದಷ್ಟು ಕಾಣದಿದ್ದ ದಕ್ಷಿಣವನ್ನು, ಪ್ರತ್ಯೇಕತಾವಾದ ಹೊತ್ತಿಕೊಂಡಿದ್ದ ಸಿಸಿಲಿಯನ್ನು. ಆಹಾರಕ್ಕೂ ಕಲ್ಲಿದ್ದಲಿಗೂ ದೇಶ ಮಿತ್ರರಾಷ್ಟ್ರಗಳ ಹಡಗುಗಳನ್ನೇ ಎದುರುನೋಡಬೇಕಾಗಿತ್ತು. ತನ್ನ ಬಲವಿದ್ದೆಡೆ ಅಧಿಕಾರವಿಲ್ಲದೆ, ಅಧಿಕಾರವಿದ್ದೆಡೆ ಬಲವಿಲ್ಲದೆ ನಡೆದ ಆಡಳಿತವಿದು.

ಇಂಥ ಸ್ಥಿತಿಯಲ್ಲಿಯೂ ಮಂತ್ರಿಮಂಡಲ ಕೈಹಾಕಿದ ಕಾರ್ಯಗಳು ಮೂರು ಸೂಕ್ಷ್ಮ ಸ್ಥಾನಗಳನ್ನು ಮುಟ್ಟಿದುವು. ಒಂದು, ಶುದ್ಧೀಕರಣ: ಫ್ಯಾಸಿಸ್ಟ್ ಆಡಳಿತದಲ್ಲಿ ಲಾಭ ಪಡೆದವರನ್ನು ಸರ್ಕಾರಿ ಹುದ್ದೆಗಳಿಂದಲೂ ದೊಡ್ಡ ಉದ್ಯಮಗಳಿಂದಲೂ ತೆಗೆಯುವುದು. ಎರಡು, ಪ್ರಿಫೆಕ್ಟರ ಪ್ರಶ್ನೆ. ನಮ್ಮ ಜಿಲ್ಲಾಧಿಕಾರಿಯನ್ನು ಹೋಲುವ ಈ ಹುದ್ದೆಗಳಿಗೆ ಉತ್ತರದಲ್ಲಿ ವಿಮೋಚನಾ ಸಮಿತಿಗಳು ತಮ್ಮವರನ್ನು ಕೂರಿಸಿದ್ದುವು. ಅವರನ್ನು ತೆಗೆದು ವೃತ್ತಿ ಅಧಿಕಾರಿಗಳನ್ನು ಮರಳಿ ನೇಮಿಸಬೇಕೆಂದು ಲಿಬರಲರು ಪಟ್ಟುಹಿಡಿದರು. ಮೂರು, ಹಣದ ಪ್ರಶ್ನೆ. ಚಲಾವಣೆಯಲ್ಲಿದ್ದ ನೋಟುಗಳನ್ನೆಲ್ಲ ಹಿಂದಕ್ಕೆ ಪಡೆದು ಹೊಸ ನೋಟುಗಳನ್ನು ಕೊಡುವುದರ ಮೂಲಕ ಯುದ್ಧಕಾಲದ ಅಡಗಿದ ಸಂಪತ್ತನ್ನು ಹೊರಗೆಳೆದು, ಅದರ ಮೇಲೆ ವಿಶೇಷ ತೆರಿಗೆಯನ್ನು ಹಾಕಬೇಕೆಂಬ ಯೋಜನೆ ಕಮ್ಯೂನಿಸ್ಟ್ ಪಕ್ಷದ ಕಂದಾಯ ಮಂತ್ರಿ ಸ್ಕೊಚ್ಚಿಮಾರ್ರೊನದು. ಬೆಲ್ಜಿಯಂ ೧೯೪೪ರಲ್ಲಿಯೂ ಫ್ರಾನ್ಸ್ ೧೯೪೫ರಲ್ಲಿಯೂ ನೋಟುಗಳ ಬದಲಾವಣೆಯನ್ನು ನಡೆಸಿದ್ದುವಾದುದರಿಂದ ಇದು ಕ್ರಾಂತಿಕಾರಿಗಳ ಕನಸೆನ್ನುವಂತಿರಲಿಲ್ಲ. ಇಟಲಿಯಲ್ಲಿ ಖಜಾನೆಯ ಇಲಾಖೆ ಲಿಬರಲರ ಕೈಯಲ್ಲಿತ್ತು, ಯೋಜನೆ ಮುಂದುವರಿಯಲಿಲ್ಲ. ಇದಲ್ಲದೆ, ವಿರಳವಾಗಿದ್ದ ಕಚ್ಚಾ ಸಾಮಗ್ರಿಯ ಹಂಚಿಕೆಯಲ್ಲಿ ಸಣ್ಣ ಮತ್ತು ಮಧ್ಯಮ ಕೈಗಾರಿಕೆಗಳಿಗೆ ಆದ್ಯತೆ ದೊರೆಯಬೇಕೆಂಬ ಪಾರ್ರಿಯ ಅಭಿಪ್ರಾಯ ದೊಡ್ಡ ಉದ್ಯಮಿಗಳಿಗೆ ರುಚಿಸಲಿಲ್ಲ. ಶುದ್ಧೀಕರಣದ ಬಿಗಿಯೂ ಸಡಿಲವಾಗುತ್ತ ಬಂದಿತ್ತು. ನವೆಂಬರ್ ೯ರ ಶಾಸನ ಅದನ್ನು ಮುಖ್ಯವಾಗಿ ಮೇಲಿನ ದರ್ಜೆಯ ಅಧಿಕಾರಿಗಳಿಗೆ ಸೀಮಿತಗೊಳಿಸಿತು.

ಈ ಹಿನ್ನೆಲೆಯಲ್ಲಿ ಸೆಪ್ಟೆಂಬರ್ ತಿಂಗಳ ಒಂದು ವಾಗ್ವಾದವನ್ನು ಇಲ್ಲಿ ಸ್ಮರಿಸುವುದು ಯುಕ್ತ. ಚುನಾಯಿತ ಸಂಸತ್ತಿಗೆ ಬದಲಾಗಿ, ನಾಮಕರಣಗೊಂಡ ಸದಸ್ಯರಿಂದ ಕೂಡಿದ ರಾಷ್ಟ್ರೀಯ ಸಲಹಾಸಭೆ ೧೯೪೫ರ ಸೆಪ್ಟೆಂಬರ್ ೨೫ರಂದು ಮೊದಲು ಸೇರಿತು. ಮರುದಿನ ಪಾರ್ರಿ ಮಾತನಾಡುತ್ತ, ಫ್ಯಾಸಿಸ್ಟ್ ಪೂರ್ವದ ಇಟಲಿಯ ಆಡಳಿತಗಳನ್ನು ಪ್ರಜಾಪ್ರಭುತ್ವಗಳೆಂದು ಕರೆಯಲಾಗದೆಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿದನು. ಸಭೆಯಲ್ಲಿ ಪ್ರತಿಭಟನೆ ಎದ್ದಿತು. ಅದರ ಮಾರನೆಯ ದಿನ ಇದಕ್ಕೆ ಉತ್ತರಕೊಟ್ಟವನು ಬೆನೆದೆತ್ತೊ ಕ್ರೋಚೆ. ಸೌಂದರ್ಯಮೀಮಾಂಸಕನಾಗಿ ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತನಾದ ಈ ತತ್ತ್ವಜ್ಞ ಆಗ ಲಿಬರಲ್ ಪಕ್ಷದ ಅಧ್ಯಕ್ಷ. ಸ್ವತಂತ್ರ ಪತ್ರಿಕೆ, ಸಂಸತ್ತು, ವಿಸ್ತಾರವಾಗುತ್ತ ಬಂದ ಮತಾಧಿಕಾರ, ಇವುಗಳಿಂದ ಕೂಡಿದ್ದ ಆ ಅರುವತ್ತು ವರ್ಷಗಳ ಇಟಲಿ ಸ್ವಾತಂತ್ರ್ಯದ ದೇಶವಾಗಿತ್ತೆಂಬುದು ಆತನ ವಾದದ ಸಾರ.

ಇಬ್ಬರಲ್ಲಿ ಯಾರ ಪಕ್ಷ ಸರಿ? ಸಂಗತಿಗಳನ್ನು ನೋಡಿದರೆ, ೧೮೬೧ರಲ್ಲಿ ಮತಾಧಿಕಾರ ಜನಸಂಖ್ಯೆಯ ಶೇಕಡ ಎರಡರಷ್ಟು ಮಂದಿಗೆ ಮಾತ್ರವಿತ್ತು, ೧೮೮೨ರ ಸುಧಾರಣೆಯ ಅನಂತರ ಶೇಕಡ ಏಳರಷ್ಟಾಯಿತು, ಬಹುತೇಕ ಎಲ್ಲ ವಯಸ್ಕ ಪುರುಷರಿಗೆ ಅದು ದೊರೆತುದು ೧೯೧೨ರಲ್ಲಿ, ಸ್ತ್ರೀಯರಿಗಾದರೋ ೧೯೪೫ರಲ್ಲಿ. ಈ ಅಂಕಿಗಳು ಪಾರ್ರಿಯ ಮಾತನ್ನು ಸಮರ್ಥಿಸುತ್ತವೆ. ಆದರೆ ಕ್ರೋಚೆ ರಕ್ಷಿಸಹೊರಟುದು ಸ್ವಾತಂತ್ರ್ಯದ ಸಂಸ್ಥೆಗಳನ್ನು. ಅವು ಇದ್ದುವೆಂಬುದನ್ನೂ ನಿರಾಕರಿಸಲಾಗದು. ಒಬ್ಬನು ಜನರ ಪಾಲ್ಗೊಳ್ಳುವಿಕೆಯನ್ನು ಕುರಿತು ಮಾತನಾಡಿದನು, ಇನ್ನೊಬ್ಬನು ಸಂಸ್ಥೆಗಳ ಮುಕ್ತತೆಯನ್ನು ಕುರಿತು. ವಾದದ ಕೆಳಗೆ ಅಡಗಿದ್ದ ವ್ಯಾವಹಾರಿಕ ಪ್ರಶ್ನೆ ಬೇರೆ: ಫ್ಯಾಸಿಸಂ ಒಂದು ಆಗಂತುಕ ರೋಗವಾಗಿದ್ದರೆ, ಅದು ಕಳೆದ ಮೇಲೆ ಹಳೆಯ ರಾಜ್ಯಯಂತ್ರವನ್ನೇ ಮತ್ತೆ ನಡೆಸಬಹುದು, ಅದು ಆ ಯಂತ್ರದ ದೋಷದಿಂದಲೇ ಹುಟ್ಟಿದ್ದರೆ, ಯಂತ್ರವನ್ನು ಹೊಸದಾಗಿ ಕಟ್ಟಬೇಕು. ಪ್ರಿಫೆಕ್ಟನಾಗಿ ಯಾರು ಕೂರಬೇಕೆಂಬ ಜಗಳ ಇದೇ ಪ್ರಶ್ನೆಯ ಇನ್ನೊಂದು ರೂಪ. ಪಾರ್ರಿಯ ಭಾಷಣ ತತ್ತ್ವತಃ ಸರಿ. ಆದರೆ ತನ್ನ ಮಂತ್ರಿಮಂಡಲದಲ್ಲಿಯೇ ಕುಳಿತಿದ್ದ ಪಕ್ಷದ ಪೂರ್ವಚರಿತ್ರೆಯನ್ನು ಸಭೆಯ ನಡುವೆ ಅಲ್ಲಗಳೆದುದು ಪ್ರಧಾನಿಗೆ ಉಚಿತವಾದ ನಡೆಯೆನ್ನಲಾಗದು.

ನವೆಂಬರಿನಲ್ಲಿ ಲಿಬರಲರು ಸರ್ಕಾರದ ತಳಹದಿ ವಿಸ್ತಾರವಾಗಬೇಕೆಂಬ ಬೇಡಿಕೆಯನ್ನು ಮುಂದಿಟ್ಟು ತಮ್ಮ ಬೆಂಬಲವನ್ನು ಹಿಂದೆಗೆದುಕೊಂಡರು. ಕ್ರೈಸ್ತ ಡೆಮೊಕ್ರಾಟರು, ಆರು ಪಕ್ಷಗಳ ಒಪ್ಪಂದ ಮುರಿದ ಮೇಲೆ ಮಂತ್ರಿಮಂಡಲ ಮುಂದುವರಿಯಲಾಗದೆಂಬ ನಿಲುವನ್ನು ತಳೆದರು. ೨೪ರಂದು ಪಾರ್ರಿ ವಿಮೋಚನಾ ಸಮಿತಿಯ ಪ್ರತಿನಿಧಿಗಳನ್ನೂ ದೇಶವಿದೇಶಗಳ ಪತ್ರಕರ್ತರನ್ನೂ ವಿಮಿನಾಲೆ ಸೌಧಕ್ಕೆ ಬರಮಾಡಿಕೊಂಡು ರಾಜೀನಾಮೆಯನ್ನು ಘೋಷಿಸಿದನು. ತನ್ನನ್ನು ಉರುಳಿಸಿದ ಕಾರ್ಯ ಒಂದು ರಾಜ್ಯವಿಪ್ಲವಕ್ಕೆ ಸಮಾನವೆಂದು ಆಪಾದಿಸಿದನು. ಅಲ್ಲಿಯೇ ಇದ್ದ ದೆ ಗಾಸ್ಪೆರಿ ಎದ್ದು ಈ ಮಾತನ್ನು ಪ್ರತಿಭಟಿಸಿ, ಅದನ್ನು ಹೊರದೇಶಗಳಿಗೆ ಕಳುಹಿಸಬಾರದೆಂದು ವಿದೇಶೀ ಪತ್ರಕರ್ತರನ್ನು ಕೇಳಿಕೊಂಡನು. ರಾಜ್ಯವಿಪ್ಲವವೆಂಬ ಶಬ್ದ ಅತಿಶಯೋಕ್ತಿ. ಪಕ್ಷಗಳ ಒಪ್ಪಿಗೆಯೇ ತಳಹದಿಯಾದ ಸರ್ಕಾರ ಆ ಒಪ್ಪಿಗೆ ಹೋದ ಮೇಲೆ ಬೀಳುವುದು ಕ್ರಮಬದ್ಧವೇ. ಆದರೆ ಪಾರ್ರಿಯ ದನಿಯಲ್ಲಿದ್ದ ಕಹಿ ಬಲಪಕ್ಷಗಳನ್ನು ಮಾತ್ರ ಕುರಿತದ್ದೆಂದು ತಿಳಿದರೆ ಅರ್ಧ ಸತ್ಯವನ್ನು ಬಿಟ್ಟಂತಾಗುತ್ತದೆ. ನೆನ್ನಿಯ ಸಮಾಜವಾದಿಗಳಾಗಲಿ ತೊಲ್ಯಾತ್ತಿಯ ಕಮ್ಯೂನಿಸ್ಟರಾಗಲಿ ಆತನನ್ನು ಉಳಿಸಿಕೊಳ್ಳಲು ತಮ್ಮ ಬಲವನ್ನು ಪಣವಾಗಿ ಒಡ್ಡಲಿಲ್ಲ. ಸಂವಿಧಾನ ಸಭೆಯ ಚುನಾವಣೆಯನ್ನು ತಲುಪುವುದು ಅವರ ಮುಖ್ಯ ಗುರಿ. ಅದಕ್ಕಾಗಿ ದೆ ಗಾಸ್ಪೆರಿಯೊಡನೆ ಹೊಂದಿಕೊಳ್ಳಲು ಅವರು ಸಿದ್ಧರಿದ್ದರು.

ನಮ್ಮ ವಾದಕ್ಕೆ ಆಧಾರವಾದ ಪ್ರಮುಖ ಸಂಗತಿ ಇಲ್ಲಿಂದ ಮುಂದೆ ಸಿಕ್ಕುತ್ತದೆ. ದೆ ಗಾಸ್ಪೆರಿಯ ಮೊದಲ ಮಂತ್ರಿಮಂಡಲವೂ ಅವೇ ಆರು ಪಕ್ಷಗಳಿಂದ ಕೂಡಿತ್ತು. ನೆನ್ನಿ, ತೊಲ್ಯಾತ್ತಿ, ಸ್ಕೊಚ್ಚಿಮಾರ್ರೊ ಅಲ್ಲಿಯೂ ಮಂತ್ರಿಗಳು. ಅದು ೧೯೪೬ರ ಜುಲೈವರೆಗೆ ಬಾಳಿತು. ಪ್ರಜಾಮತಗಣನೆಯನ್ನೂ ಸಂವಿಧಾನ ಸಭೆಯ ಚುನಾವಣೆಯನ್ನೂ ನಡೆಸಿಕೊಟ್ಟಿತು. ಪಕ್ಷಗಳ ಬಾಹುಳ್ಯವೇ ಪತನಕ್ಕೆ ಕಾರಣವಾಗಿದ್ದರೆ ಇದೂ ಬೀಳಬೇಕಾಗಿತ್ತು. ನಾಯಕನ ಚಾತುರ್ಯವೇ ವ್ಯತ್ಯಾಸವೆನ್ನೋಣವೇ? ದೆ ಗಾಸ್ಪೆರಿಯ ಚಾತುರ್ಯ ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ. ೧೯೫೩ರವರೆಗೆ ಅನುಕ್ರಮವಾಗಿ ಎಂಟು ಮಂತ್ರಿಮಂಡಲಗಳನ್ನು ನಡೆಸಿದವನು ಆತ. ಆದರೆ ಆತನು ಹಿಂದಿನವನ ಕಾರ್ಯಕ್ರಮವನ್ನು ಹೆಚ್ಚು ಜಾಣತನದಿಂದ ನಡೆಸಿದನೆಂದು ಹೇಳಲು ಬರುವುದಿಲ್ಲ. ವಿಮೋಚನಾ ಸಮಿತಿಗಳ ಪ್ರಿಫೆಕ್ಟರು ೧೯೪೬ರಲ್ಲಿ ನಿರ್ಗಮಿಸಿ ವೃತ್ತಿ ಅಧಿಕಾರಿಗಳು ಬಂದರು. ಆಗ ಗೃಹಮಂತ್ರಿಯಾಗಿದ್ದವನು ಸಮಾಜವಾದಿ ರೋಮೀತ. ಖಜಾನೆಯ ಮಂತ್ರಿ, ಲಿಬರಲನಾದ ಕೊರ್ಬೀನೊನ ಕಾಲದಲ್ಲಿ ನೋಟುಗಳ ಬದಲಾವಣೆಯ ಯೋಜನೆಯನ್ನು ಕೈಬಿಡಲಾಯಿತು. ಶುದ್ಧೀಕರಣದ ಉನ್ನತಾಧಿಕಾರವನ್ನು ಮುಕ್ತಾಯಗೊಳಿಸಲಾಯಿತು. ರಾಜತ್ವವೋ ಗಣರಾಜ್ಯವೋ ಎಂಬ ನಿರ್ಣಯವನ್ನು ಸಂವಿಧಾನ ಸಭೆಯಿಂದ ತೆಗೆದು ಪ್ರಜಾಮತಗಣನೆಗೆ ಬಿಡಲಾಯಿತು. ಸಾಮಾನ್ಯ ಶಾಸನಾಧಿಕಾರ ಬಹುಮಟ್ಟಿಗೆ ಸರ್ಕಾರದಲ್ಲಿಯೇ ಉಳಿಯಿತು.

ಅಂದರೆ, ಅವೇ ಆರು ಪಕ್ಷಗಳು ಎರಡನೆಯ ಬಾರಿ ಒಟ್ಟಿಗೆ ನಿಂತುದು ಜಗಳದ ವಿಷಯಗಳನ್ನು ಒಂದೊಂದಾಗಿ ಮೇಜಿನಿಂದ ತೆಗೆದುದರಿಂದ. ಪಾರ್ರಿಯ ಮಂತ್ರಿಮಂಡಲ ಬಿದ್ದುದು ಅವು ಮೇಜಿನ ಮೇಲೆ ಇದ್ದುದರಿಂದ. ರಾಜ್ಯಯಂತ್ರವನ್ನು ಹೊಸದಾಗಿ ಕಟ್ಟಬೇಕೆಂಬ ಸಂಕಲ್ಪಕ್ಕೆ ಆರರಲ್ಲಿ ಎರಡು ಪಕ್ಷಗಳು ವಿರೋಧಿಗಳಾಗಿದ್ದುವು. ಎಡಗಡೆಯ ದೊಡ್ಡ ಪಕ್ಷಗಳೆರಡು ಅದಕ್ಕಿಂತ ಬೇರೊಂದನ್ನು ಮುಖ್ಯವೆಂದೆಣಿಸಿದ್ದುವು. ಅದನ್ನು ಸರ್ವಸ್ವವೆಂದು ಹಿಡಿದಿದ್ದ ಪಕ್ಷ ೧೯೪೬ರ ಜೂನ್ ೨ರ ಚುನಾವಣೆಯಲ್ಲಿ ಶೇಕಡ ಒಂದೂವರೆಯಷ್ಟು ಮತಗಳನ್ನು ಪಡೆದು ಏಳು ಸ್ಥಾನಗಳನ್ನು ಗೆದ್ದಿತು. ಕ್ರೈಸ್ತ ಡೆಮೊಕ್ರಾಟರಿಗೆ ಬಂದುವು ೨೦೭. ಪಾರ್ರಿ ಸ್ವತಃ ಆ ಚುನಾವಣೆಗೆ ಮುಂಚೆಯೇ ಲಾ ಮಾಲ್ಫಾನೊಡನೆ ಕ್ರಿಯಾಪಕ್ಷವನ್ನು ಬಿಟ್ಟಿದ್ದನು. ಅವರ ಹೊಸ ಗುಂಪಿಗೆ ಎರಡು ಸ್ಥಾನಗಳು. ೧೯೪೫ರಲ್ಲಿ ಮುಚ್ಚಿದ್ದ ಲೆಕ್ಕ ೧೯೪೬ರಲ್ಲಿ ಬಯಲಾಯಿತು.

ಹಾಗೆಂದು ಪಾರ್ರಿಯನ್ನು ದೋಷಮುಕ್ತನೆಂದು ಸಾರುವುದು ನಮ್ಮ ಇಚ್ಛೆಯಲ್ಲ. ಪಕ್ಷಗಳ ನಡುವೆ ಮಧ್ಯಸ್ಥನಾಗಿರುವುದನ್ನೇ ಆತ ಬಹುಕಾಲ ತನ್ನ ಧರ್ಮವೆಂದು ತಿಳಿದನು. ಬಲಾಬಲವನ್ನು ನಿಷ್ಕರ್ಷಿಸುವ ಚುನಾವಣೆ ವಿಳಂಬವಾದಷ್ಟೂ ತನ್ನ ಪರವಾದ ಉತ್ಸಾಹ ಇಳಿಯುತ್ತದೆಂಬುದನ್ನು ಅರಿತು ಅದಕ್ಕಾಗಿ ಪಕ್ಷಗಳ ಮೇಲೆ ಒತ್ತಡ ತರಲಿಲ್ಲ. ಗೃಹಖಾತೆಯನ್ನೂ ತಾನೇ ಹೊತ್ತುಕೊಂಡು ಚಿಕ್ಕ ಕಾಗದಪತ್ರಗಳ ಭಾರದಡಿ ಸಿಕ್ಕಿಕೊಂಡನು. ಇವು ನಿಜವಾದ ತಪ್ಪುಗಳು. ಆದರೆ ಇವುಗಳನ್ನು ತಿದ್ದಿದ್ದರೂ ಲೊಂಬಾರ್ದಿಯ ಆತನ ಕೈಗೆ ಬರುತ್ತಿರಲಿಲ್ಲ, ಲಿಬರಲರ ನಿಷೇಧಶಕ್ತಿ ಕುಗ್ಗುತ್ತಿರಲಿಲ್ಲ. ಗುಣದೋಷಗಳನ್ನು ತೂಗುವಾಗ ಈ ಪರಿಮಾಣವನ್ನು ಮರೆಯಬಾರದು.

ರಾಜಕಾರಣಕ್ಕೆ ತಕ್ಕವನಲ್ಲವೆಂಬ ಮಾತಿಗೆ ಆತನ ಉಳಿದ ಆಯುಷ್ಯವೂ ಸಾಕ್ಷಿ ನುಡಿಯುವುದಿಲ್ಲ. ಒಟ್ಟು ಮತಗಳಲ್ಲಿ ಅರ್ಧವನ್ನು ಮೀರಿದ ಕೂಟಕ್ಕೆ ಹೆಚ್ಚುವರಿ ಸ್ಥಾನಗಳನ್ನು ಕೊಡುವ ಚುನಾವಣಾ ಶಾಸನ ೧೯೫೩ರಲ್ಲಿ ಬಂದಾಗ, ಪಾರ್ರಿ ಅದರ ವಿರುದ್ಧವಾಗಿ ಒಂದು ಸಣ್ಣ ಪಕ್ಷವನ್ನು ಕಟ್ಟುವುದರಲ್ಲಿ ಮುಂದಾದನು. ಆಡಳಿತ ಕೂಟಕ್ಕೆ ಆ ಲಾಭ ಐವತ್ತು ಸಾವಿರಕ್ಕಿಂತ ತುಸು ಹೆಚ್ಚು ಮತಗಳ ಅಂತರದಿಂದ ತಪ್ಪಿತು. ಅಂಥ ಅಂತರದಲ್ಲಿ ಸಣ್ಣ ಪಕ್ಷಗಳು ಸೆಳೆದ ಮತಗಳಿಗೆ ಬೆಲೆಯಿದೆ. ೧೯೬೩ರಲ್ಲಿ ಆತ ಆಜೀವ ಸೆನೆಟರನಾಗಿ ನೇಮಕಗೊಂಡು, ೧೯೮೧ರಲ್ಲಿ ತೀರಿಕೊಳ್ಳುವವರೆಗೂ ಸಾರ್ವಜನಿಕ ಜೀವನದಲ್ಲಿದ್ದನು.

ಈ ಪುಟ್ಟ ಅಧ್ಯಾಯದಿಂದ ರಾಜ್ಯಶಾಸ್ತ್ರದ ವಿದ್ಯಾರ್ಥಿ ಗ್ರಹಿಸಬೇಕಾದುದು ಎರಡು. ಮೊದಲನೆಯದು ಇಟಲಿಗೆ ಸಂಬಂಧಿಸಿದ್ದು: ಸಭೆಯ ಮತದಿಂದಲ್ಲದೆ ಪಕ್ಷಗಳ ಒಪ್ಪಂದ ಮುರಿದುದರಿಂದ ಸರ್ಕಾರ ಬೀಳುವ ರೂಢಿ ಗಣರಾಜ್ಯ ಹುಟ್ಟುವ ಮುಂಚೆಯೇ ಕಾಣಿಸಿಕೊಂಡಿತು, ಮುಂದಿನ ದಶಕಗಳಲ್ಲಿ ಅಲ್ಲಿನ ಬಹುಪಾಲು ಮಂತ್ರಿಮಂಡಲಗಳು ಹೀಗೆಯೇ ಕೊನೆಗಂಡುವು. ೧೯೯೮ರಲ್ಲಿ ಪ್ರೋದಿಯ ಸರ್ಕಾರ ಒಂದೇ ಮತದಿಂದ ವಿಶ್ವಾಸ ಕಳೆದುಕೊಂಡುದು ದೊಡ್ಡ ಸುದ್ದಿಯಾದುದಕ್ಕೆ ಅದರ ಅಪೂರ್ವತೆಯೂ ಒಂದು ಕಾರಣ. ಎರಡನೆಯದು ನಮ್ಮ ಬೋಧನೆಗೆ ಸಂಬಂಧಿಸಿದ್ದು. ಒಳ್ಳೆಯವನಾದುದರಿಂದ ಸೋತನೆಂಬ ವಿವರಣೆ ಕೇಳಲು ಹಿತವಾಗಿದೆ. ಆದರೆ ಅದು ತರಗತಿಯಲ್ಲಿ ಕುಳಿತ ತರುಣರಿಗೆ ಸದ್ಗುಣವೂ ಆಡಳಿತವೂ ಕೂಡಲಾರವೆಂಬ ಪಾಠವನ್ನು ಸದ್ದಿಲ್ಲದೆ ಕಲಿಸುತ್ತದೆ. ಪಾರ್ರಿಯ ಐದು ತಿಂಗಳುಗಳು ಆ ಪಾಠಕ್ಕೆ ಪ್ರಮಾಣವಲ್ಲ. ಅಧಿಕಾರದ ಗಡಿ, ಹಣದ ಕೀಲಿಕೈ, ಮಿತ್ರಪಕ್ಷಗಳ ಲೆಕ್ಕಾಚಾರ, ಇವುಗಳನ್ನು ಮೊದಲು ಬರೆದು, ವ್ಯಕ್ತಿಯ ಶೀಲವನ್ನು ಅನಂತರ ಬರೆದರೆ ಆ ಅಧ್ಯಾಯ ಹೆಚ್ಚು ನ್ಯಾಯವಾದ ರೂಪವನ್ನು ಪಡೆಯುವುದೆಂದು ನಾವು ನಂಬಿದ್ದೇವೆ.